ಕಪ್ಪು ವಿಂಡೋದಲ್ಲಿ ಹುಡುಕಿದ ವರ

ಜನವರಿ 20, 2025, ಸೋಮವಾರ

ಬೆಳಗ್ಗೆ ಪೂಜೆ ಮುಗಿಸಿ ನಮ್ಮ ಹುಣಸೆಹಣ್ಣಿನ ಮಂಡಿಗೆ ಹೋಗುವಷ್ಟರಲ್ಲಿ ಸೊಸೆ ರಶ್ಮಿ ಬಾಗಿಲು ತೆಗೆದು, ಕಸ ಹೊಡೆಸಿ, ಕಂಪ್ಯೂಟರ್ ಮುಂದೆ ಕೂತಾಗಿತ್ತು. ಹೊಸ ಹುಣಸೆಹಣ್ಣು ಇನ್ನೂ ಸರಿಯಾಗಿ ಇಳಿದಿಲ್ಲ. ಗೋರಂಟ್ಲ ಕಡೆಯಿಂದ ಒಂದು ಲೋಡು ಬಂತು — ಹಸಿ. ವಾಪಸ್ ಕಳಿಸೋಣವೆಂದರೆ ಅವಳೇ ಮಾತಾಡಿ, ಒಣಗಿಸಿ ತರುವಂತೆ ಒಪ್ಪಿಸಿದಳು. ನಾನು ಸುಮ್ಮನೆ ಕೂತಿದ್ದೆ. ಈಚೆಗೆ ನನ್ನ ಕೆಲಸ ಅಷ್ಟೇ, ಕೂರುವುದು.

ಮಧ್ಯಾಹ್ನ ಮನೆಗೆ ಅಕ್ಕ ಬಂದಿದ್ದಳು. ಗೌರಕ್ಕ ಬಂದರೆ ಬೇರೆ ಯಾರಿಗೂ ಮಾತಾಡಲು ಸರದಿ ಸಿಗುವುದಿಲ್ಲ. ಊಟ ಮಾಡುತ್ತಾ, ರಶ್ಮಿ ಎದುರಿಗೇ, ನನ್ನ ಹೆಂಡತಿಗೆ ಹೇಳಿದಳು: “ನಿನ್ಗೇನ್ ಚಿಂತೆ ಬಿಡೇ ವೀರಭದ್ರಿ. ಮಗ ಹೋದ್ರೂ ಬಂಗಾರದಂಥ ಸೊಸೆ ಉಳಿದವ್ಳೆ. ನೀವಿಬ್ರೂ ಕಣ್ಮುಚ್ಚೋಗಂಟ ನೋಡ್ಕೋತಾಳೆ.”

ಹೊಗಳಿಕೆಯೇ. ರಶ್ಮಿ ನಕ್ಕು ಸಾರು ಬಡಿಸಿದಳು. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಕಣ್ಣು ಮುಚ್ಚುವವರೆಗೆ... ಸರಿ. ಆಮೇಲೆ? ಅವಳಿಗೀಗ ಮೂವತ್ತೊಂದು. ಮಗ ಕೊಟ್ರೇಶ ಹೋಗಿ ಮೂರು ವರ್ಷ. ಮಗು ಮರಿ ಇಲ್ಲ. ನಾವು ಹೋದ ಮೇಲೆ ಈ ಹಿಂದೂಪುರದಲ್ಲಿ ಒಬ್ಬಳೇ ಹುಣಸೆಹಣ್ಣು ತೂಗುತ್ತಾ ಕೂರಬೇಕೇ? ನಮ್ಮ ಮುದಿತನಕ್ಕೆಂದು ಒಂದು ಜೀವವನ್ನು ಕಟ್ಟಿಹಾಕಿಕೊಂಡಿದ್ದೇವೆ ಅನ್ನಿಸಿತು.

ಅವಳಿಗೆ ಇನ್ನೊಂದು ಮದುವೆ ಮಾಡಬೇಕು. ಬರೆದೇಬಿಟ್ಟೆ.

ಜನವರಿ 23, ಗುರುವಾರ

ಯಾರಿಗೂ ಹೇಳುವಂತಿಲ್ಲ. ಮದುವೆ ಬ್ರೋಕರಿಗೆ ಹೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತು. ವೀರಭದ್ರಮ್ಮನಿಗೆ ಹೇಳಿದರೆ ಅವಳು ಬಾಯಿ ಬಿಡದಿದ್ದರೂ ಮುಖ ಹೇಳಿಬಿಡುತ್ತದೆ. ರಶ್ಮಿಗಂತೂ ಒಳ್ಳೆಯ ವರ ಸಿಗುವವರೆಗೆ ತಿಳಿಯಲೇಬಾರದು. ಮೊದಲೇ ತಿಳಿದರೆ ಏನಂದುಕೊಂಡಾಳು? ನನ್ನನ್ನು ಮನೆಯಿಂದ ಸಾಗಹಾಕುತ್ತಿದ್ದಾರೆ — ಈ ಒಂದು ಯೋಚನೆ ಅವಳ ತಲೆಗೆ ಬಂದರೂ ನಾನು ಬದುಕಿದ್ದು ದಂಡ.

ಈಗೆಲ್ಲ ಕಂಪ್ಯೂಟರಿನಲ್ಲೇ ವರ ಹುಡುಕುತ್ತಾರಂತೆ. ಆದರೆ ಮಂಡಿಯ ಕಂಪ್ಯೂಟರಿನಲ್ಲಿ ದಿನವಿಡೀ ಕೂರುವವಳು ಅವಳೇ. ಎದುರಿನ ಜೆರಾಕ್ಸ್ ಅಂಗಡಿಯ ಅಶೋಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ನಾವು ನೋಡಿದ್ದು ಆಮೇಲೆ ಕೂತವರಿಗೆ ತಿಳಿಯದ ಹಾಗೆ ಏನಾದರೂ ಉಪಾಯ ಉಂಟೇ? ಅವನು ಕೆಲಸ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಣೆಯ ವಿಭೂತಿಯನ್ನು ಇನ್ನೊಮ್ಮೆ ನೋಡಿದ.

“ಏಮಿ ಅಂಕುಲ್... ಈ ವಯಸ್ಸುಲೋನಾ?”

“ನೀನ್ ಅಂದ್ಕಂಡಂಗಲ್ಲ ಕಣ್ಲಾ!”

“ನಾನೇನೂ ಅಂದ್ಕಂಡಿಲ್ಲ ಬಿಡಿ. ಎವರಿಕೀ ತೆಲೀದು. ಯಾರ್ಗೂ ಗೊತ್ತಾಗಲ್ಲ.”

ಅವನು ನಕ್ಕ ರೀತಿಗೆ ಮೈಯೆಲ್ಲ ಉರಿಯಿತು. ಆದರೂ ಕಲಿತುಕೊಂಡೆ. ಮೂರು ಕೀ ಒಟ್ಟಿಗೆ ಒತ್ತಬೇಕು. ಕಪ್ಪು ವಿಂಡೋ ಬರುತ್ತದೆ, ಟೋಪಿ ಕನ್ನಡಕ ಹಾಕಿದ ಒಂದು ಚಿತ್ರ. ಕೆಲಸ ಮುಗಿದ ಮೇಲೆ ಮುಚ್ಚಿಬಿಟ್ಟರೆ ಏನು ನೋಡಿದೆವೆಂದು ಕಂಪ್ಯೂಟರಿಗೇ ನೆನಪಿರುವುದಿಲ್ಲವಂತೆ. ಅಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಮೊದಲ ಸಾಲು ಕೂಡಿಸಿ ಓದಿದೆ — ಈ ಕಂಪ್ಯೂಟರ್ ಬಳಸುವ ಬೇರೆಯವರಿಗೆ ನೀವು ಮಾಡಿದ್ದು ಕಾಣುವುದಿಲ್ಲ. ಸಾಕು. ಉಳಿದದ್ದೆಲ್ಲ ಸಣ್ಣ ಅಕ್ಷರ, ಓದಲಿಲ್ಲ.

ಜನವರಿ 27, ಸೋಮವಾರ. ಮಧ್ಯಾಹ್ನ

ರಶ್ಮಿ ಊಟಕ್ಕೆ ಮನೆಗೆ ಹೋಗುವ ಹೊತ್ತೇ ನನಗೆ ಮುಹೂರ್ತ. ಕಪ್ಪು ವಿಂಡೋ ತೆಗೆದು ಮದುವೆ ಸೈಟಿಗೆ ಹೋದೆ. ಎಷ್ಟು ಪ್ರಶ್ನೆ! ಸಾಲ ಕೇಳಲು ಹೋದಾಗಲೂ ಬ್ಯಾಂಕಿನವರು ಇಷ್ಟು ಕೇಳಿರಲಿಲ್ಲ. ಎತ್ತರ ಎಷ್ಟು ಅಂದರೆ ನಾನೇನು ಅಳೆದಿದ್ದೇನೆಯೇ? ಗೋಡೆಯ ಕ್ಯಾಲೆಂಡರಿನ ಮೊಳೆಗೆ ಅವಳ ಕೈ ಎಟುಕುತ್ತದೆ, ಅದರ ಮೇಲೆ ಅಂದಾಜು ಮಾಡಿ ಹಾಕಿದೆ. ಅವಳದೊಂದು ಫೋಟೋ ಕಂಪ್ಯೂಟರಿನಲ್ಲೇ ಇತ್ತು, ಅದನ್ನೂ ಹಾಕಿದೆ.

ಮೇಲ್ ಐಡಿ ಕೇಳಿತು. ನನಗೆ ಗೊತ್ತಿರುವುದು ಒಂದೇ — ನಮ್ಮ ಬಿಲ್ಲಿನ ಮೇಲೆ ಅಚ್ಚಾಗಿರುವುದು, ಕೊಟ್ರೇಶ ಮಂಡಿಗೆಂದು ಮಾಡಿಟ್ಟದ್ದು. ಬಿಲ್ಲು ನೋಡಿಕೊಂಡು ಅದನ್ನೇ ಹೊಡೆದೆ. ಗುಟ್ಟಿನ ವಿಂಡೋ ಅಲ್ಲವೇ, ಏನು ಕೊಟ್ಟರೇನು.

ಹುಡುಗಿಯ ಬಗ್ಗೆ ನಿಮ್ಮ ಮಾತಿನಲ್ಲಿ ಬರೆಯಿರಿ ಅಂತ ಒಂದು ಜಾಗ. ಕನ್ನಡ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಬಿ.ಕಾಂ. ಓದಿದ್ದಾಳೆ, ಲೆಕ್ಕದಲ್ಲಿ ಹುಲಿ. ಗಂಡ ತೀರಿಕೊಂಡಿದ್ದಾನೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ, ಜ್ವರ ಬಂದಿತ್ತು. ಸಾರಿಗೆ ಉಪ್ಪು ಚೂರು ಕಡಿಮೆ ಹಾಕುತ್ತಾಳೆ, ಕೇಳಿದರೆ ನಿಮಗೆ ಬಿಪಿ ಅನ್ನುತ್ತಾಳೆ. ಕೋಪ ಬಂದರೆ ಮಾತು ಬಿಡುತ್ತಾಳೆ, ಎರಡು ದಿನದಲ್ಲಿ ಸರಿಹೋಗುತ್ತಾಳೆ. ಅವಳನ್ನು ಯಾರೂ ಗದರಿಸಬಾರದು.

ಹುಡುಗ ಹೇಗಿರಬೇಕು ಎಂದದ್ದಕ್ಕೆ ಬಹಳ ಯೋಚಿಸಿ ಒಂದೇ ಷರತ್ತು ಹಾಕಿದೆ. ಅವನ ಊರಿಗೂ ಹಿಂದೂಪುರಕ್ಕೂ ಒಂದೇ ಬಸ್ಸಿರಬೇಕು, ನಡುವೆ ಇಳಿದು ಹತ್ತುವಂತಿರಬಾರದು. ಹುಡುಗಿಯ ಅತ್ತೆಗೆ ಕಾಲುನೋವು.

ಹೊರಗೆ ಚಪ್ಪಲಿ ಸದ್ದು ಕೇಳಿತು. ಮುಚ್ಚಿಬಿಟ್ಟೆ. ರಶ್ಮಿ ಬಂದು ಅದೇ ಕುರ್ಚಿಯಲ್ಲಿ ಕೂತು ಬಿಲ್ಲು ತೆಗೆದಳು. ಏನೂ ಗೊತ್ತಾಗಲಿಲ್ಲ. ಎಂಥ ವಿದ್ಯೆ ಇದು!

ಫೆಬ್ರವರಿ 4, ಮಂಗಳವಾರ

ಮಧುಗಿರಿಯಿಂದ ಒಬ್ಬರು, ಗೌರಿಬಿದನೂರಿನಿಂದ ಇಬ್ಬರು, ಪೆನುಕೊಂಡದ ಕಡೆಯವರು ಒಬ್ಬರು. ಆಸಕ್ತಿ ಇದೆ ಅಂತ ಬಂದಿದೆ. ಫೋಟೋ ಸಣ್ಣದು, ಕಾಣುವುದಿಲ್ಲ. ಒಂದೊಂದೇ ಇಳಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಒಬ್ಬನದು ಮೀಸೆಯೇ ಮುಖಕ್ಕಿಂತ ದೊಡ್ಡದು. ಒಬ್ಬ ಯಾರದೋ ಕಾರಿಗೆ ಒರಗಿ ನಿಂತಿದ್ದಾನೆ. ಎಲ್ಲ ನೋಡಿ ವಿಂಡೋ ಮುಚ್ಚಿದೆ, ಎಲ್ಲ ಮಾಯ.

ಅವಳು ಮಜ್ಜಿಗೆ ತಂದುಕೊಟ್ಟಳು. “ಯಾಕ್ ಮಾವ, ಹಿಂಗ್ ಬೆವರ್ತಿದ್ದೀರ?” ಅಂದಳು. ಸೆಕೆ ಅಂದೆ. ಫ್ಯಾನು ತಿರುಗುತ್ತಿತ್ತು. ಅವಳು ಒಮ್ಮೆ ಮೇಲೆ ನೋಡಿದಳು.

ಕೊಟ್ರೇಶನ ಫೋಟೋ ಕಂಪ್ಯೂಟರಿನ ಮೇಲಿನ ಗೋಡೆಯಲ್ಲೇ ಇದೆ. ಅದರ ಕೆಳಗೆ ಕೂತೇ ಇದನ್ನೆಲ್ಲ ಮಾಡಬೇಕು. ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಇದ್ದಿದ್ದರೆ ಅವನೇ ಟೈಪ್ ಮಾಡಿಕೊಡುತ್ತಿದ್ದ.

ಫೆಬ್ರವರಿ 13, ಗುರುವಾರ

ಏನೋ ಎಡವಟ್ಟಾಗಿದೆ. ಬಂದವರೆಲ್ಲ ಹಿಂದೆ ಸರಿಯುತ್ತಿದ್ದಾರೆ. ಒಂದೊಂದು ಹೆಸರಿನ ಮುಂದೆ ‘ಡಿಕ್ಲೈನ್ಡ್’ ಅಂತ ಕೆಂಪು ಅಕ್ಷರ. ಬೇಡವೆಂದರು ಅಂತ ಅರ್ಥ. ಮಧುಗಿರಿಯವರೂ ಬೇಡವೆಂದರು. ನಾನು ಆ ಉಪ್ಪಿನ ವಿಷಯ ಬರೆಯಬಾರದಿತ್ತೋ ಏನೋ.

ಸಿಟ್ಟೂ ಬಂತು. ನಮ್ಮ ಹುಡುಗಿಯನ್ನು ಬೇಡವೆನ್ನಲು ಇವರು ಯಾರು? ಆ ಮೀಸೆಯವನೂ ಬೇಡವೆಂದಿದ್ದಾನೆ!

ವೀರಭದ್ರಮ್ಮ ಊಟಕ್ಕೆ ಬಡಿಸುತ್ತಾ, “ಯಾಕ್ರೀ, ಯಾರಾನ ಏನಾನ ಅಂದ್ರಾ?” ಅಂತ ಕೇಳಿದಳು. ಹುಣಸೆಹಣ್ಣಿನ ರೇಟು ಬಿದ್ದಿದೆ ಅಂದೆ. ರೇಟು ಚೆನ್ನಾಗಿದೆ ಅಂತ ರಶ್ಮಿ ಆಗಲೇ ಹೇಳಿಬಿಟ್ಟಿದ್ದಳಂತೆ. ತಲೆ ತಗ್ಗಿಸಿ ಊಟ ಮಾಡಿದೆ.

ಫೆಬ್ರವರಿ 24, ಸೋಮವಾರ

ಒಬ್ಬ ಉಳಿದಿದ್ದಾನೆ! ಕೆಂಪು ಅಕ್ಷರ ಇಲ್ಲ. ಸಿದ್ದಲಿಂಗೇಶ್. ಊರು ಕಲ್ಯಾಣದುರ್ಗ — ರಶ್ಮಿಯ ತವರೂ ಅದೇ, ಅವಳ ಅಣ್ಣ ಬಸವೇಶ ಇರುವುದೂ ಅಲ್ಲೇ. ಕೆಲಸ ಕುಂದುರ್ಪಿಯ ಪಶು ಆಸ್ಪತ್ರೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡು ನಾಲ್ಕು ವರ್ಷ. ಫೋಟೋದಲ್ಲಿ ನಗುತ್ತಿಲ್ಲ, ಆದರೆ ಮುಖ ಸಿಡುಕಲ್ಲ.

ಬೇರೆಯವರೆಲ್ಲ ನಮ್ಮ ಷರತ್ತನ್ನು ಓದಿದ ಹಾಗೇ ಇರಲಿಲ್ಲ. ಇವನು ಬರೆದಿದ್ದಾನೆ: “ಹಿಂದೂಪುರಕ್ಕೆ ನೇರ ಬಸ್ಸು ಇದೆ ಅಂತಾರೆ. ನಾನು ಹತ್ತಿ ನೋಡಿಲ್ಲ. ಡಿಪೋದಲ್ಲಿ ಸರಿಯಾಗಿ ವಿಚಾರಿಸಿ ಹೇಳುತ್ತೇನೆ.” ಮೂರು ಸಲ ಓದಿದೆ. ನನಗೆ ಇವನು ಹಿಡಿಸಿಬಿಟ್ಟ.

ಕಲ್ಯಾಣದುರ್ಗದವರನ್ನು ಯಾರನ್ನಾದರೂ ವಿಚಾರಿಸಬೇಕೆಂದು ಬಯೋಡಾಟ ಪ್ರಿಂಟ್ ಕೊಟ್ಟೆ. ಬರಲಿಲ್ಲ. ಮತ್ತೆ ಒತ್ತಿದೆ. ಪ್ರಿಂಟರ್ ಕೆಂಪು ದೀಪ ಮಿಣಮಿಣ ಅಂದು ಸುಮ್ಮನಾಯಿತು. ಕೆಟ್ಟಿರಬೇಕು. ವಿಂಡೋ ಮುಚ್ಚಿದೆ. ಅದರ ಜೊತೆ ಪ್ರಿಂಟ್ ಕೊಟ್ಟದ್ದೂ ಹೋಯಿತು ಅಂದುಕೊಂಡೆ.

ಫೆಬ್ರವರಿ 25, ಮಂಗಳವಾರ. ಹನ್ನೊಂದು ಗಂಟೆ

ಮುಗಿಯಿತು. ಎಲ್ಲ ಮುಗಿಯಿತು.

ಪ್ರಿಂಟರಿಗೆ ಏನೂ ಆಗಿರಲಿಲ್ಲ. ಕಾಗದ ಖಾಲಿಯಾಗಿತ್ತು ಅಷ್ಟೆ. ಬೆಳಗ್ಗೆ ರಶ್ಮಿ ಬಿಲ್ಲು ತೆಗೆಯಲೆಂದು ಕಾಗದ ತುಂಬಿದಳು. ಬಿಲ್ಲು ಬರುವ ಮೊದಲು ಸಿದ್ದಲಿಂಗೇಶ ಬಂದ. ಎರಡು ಸಲ ಬಂದ. ನಾನು ಹಮಾಲಿ ಆದಿನಾರಾಯಣನ ಜೊತೆ ಮೂಟೆ ಎಣಿಸುತ್ತಾ ಬಾಗಿಲಲ್ಲಿ ನಿಂತಿದ್ದೆ. ಕಣ್ಣಾರೆ ನೋಡಿದೆ. ಅವಳು ಕಾಗದ ಕೈಗೆತ್ತಿಕೊಂಡಳು. ಓದಿದಳು. ನನ್ನ ಕಡೆ ನೋಡಲಿಲ್ಲ.

ಏನೂ ಕೇಳಲಿಲ್ಲ. ನಾನು ಹೋಗಿ ಕೂತಾಗ ನನ್ನ ಕನ್ನಡಕದ ಡಬ್ಬಿಯ ಕೆಳಗೆ ಆ ಕಾಗದ ಮಡಚಿಟ್ಟಿತ್ತು. ಅಕ್ಷರ ಒಳಗೆ, ಬಿಳಿ ಹೊರಗೆ. ಬೇರೆ ಯಾರೂ ನೋಡಬಾರದೆಂದು.

ಸರಿಯಾಗಿ ಬರೆಯಲು ಆಗುತ್ತಿಲ್ಲ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಅವಳು ಎಂದಿನಂತೆ ಬಿಲ್ವಪತ್ರೆ ತೊಳೆದಿಟ್ಟಳು. ಬೇಕಾದಷ್ಟೇ ಮಾತು. ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ನೀರು ಕೇಳಿದೆ. ಉಪವಾಸದ ದಿನ ಎಷ್ಟು ನೀರು ಕುಡಿಯುತ್ತೀರಿ ಅಂತ ಹೆಂಡತಿ ಬೈದಳು.

ಫೆಬ್ರವರಿ 28, ಶುಕ್ರವಾರ

ಬ್ಯಾಗು ಹಿಡಿದು ಬಂದು ನಿಂತಳು. “ಅಣ್ಣನ್ ಮನೇಗೆ ಹೋಗ್ಬತ್ತೀನಿ ಮಾವ. ಬಿಲ್ಲೆಲ್ಲ ಮುಗಿಸಿಟ್ಟಿದ್ದೀನಿ.”

“ಯಾವಾಗ್ ಬತ್ತೀಯಮ್ಮ?”

“ನೋಡ್ತೀನಿ.”

ಬತ್ತೀನಿ ಅಂದಳು, ಯಾವಾಗ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಅವಳು ದಿನ ಹೇಳದೆ ತವರಿಗೆ ಹೋದದ್ದಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದರೆ ಬೇಡ ಅಂದಳು, ಆಟೋ ಹತ್ತಿದಳು.

ಮಾರ್ಚ್ 7, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ.

ಫೋನು ಮಾಡಿದರೆ “ಚೆನ್ನಾಗಿದ್ದೀನಿ ಮಾವ, ಮಾತ್ರೆ ತಗಂಡ್ರಾ?” ಇಷ್ಟೇ. ಮಂಡಿಯಲ್ಲಿ ಹಣ್ಣು ರಾಶಿ ಬೀಳುತ್ತಿದೆ. ಬಿಲ್ಲು ಮಾಡಲು ಅಶೋಕನನ್ನು ಕರೆಯುತ್ತಿದ್ದೇನೆ. ಇವತ್ತು ಯಾವುದೋ ಬಿಲ್ಲು ಹುಡುಕುತ್ತಾ ಅವನು ಒಂದು ಫೋಲ್ಡರ್ ತೆಗೆದ. ಒಳಗೆ ಸಾಲಾಗಿ ಗಂಡಸರು! ಮೀಸೆಯವನು, ಕಾರಿನವನು, ಎಲ್ಲ. ನಾನು ಇಳಿಸಿಕೊಂಡದ್ದು ಒಂದೂ ಮಾಯವಾಗಿಲ್ಲ. ಅಶೋಕ ನನ್ನ ಮುಖ ನೋಡಿದ. ಈ ಸಲ ನಗಲಿಲ್ಲ. ಅವನು ಏನು ತಿಳಿದುಕೊಂಡನೋ, ಕೇಳುವ ಧೈರ್ಯ ನನಗಿಲ್ಲ.

ಅಂದರೆ ಅವಳಿಗೆ ಇವೆಲ್ಲ ಮೊದಲಿಂದ ಕಾಣುತ್ತಿದ್ದವು. ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡು ಮಜ್ಜಿಗೆ ತಂದುಕೊಟ್ಟಳೋ.

ಮನೆಗೆ ಬಂದು ವೀರಭದ್ರಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ತುಂಬ ಹೊತ್ತು ಸೆರಗಿನ ಅಂಚು ಮಡಚುತ್ತಾ ಬಿಚ್ಚುತ್ತಾ ಕೂತಳು. ಆಮೇಲೆ ಹೇಳಿದಳು: “ನಾನೂ ಅದ್ನೇ ದೇವ್ರತ್ರ ಕೇಳ್ಕಂತಿದ್ದೆ ಕಣ್ರೀ. ನಿಮ್ಗೆ ಹೇಳಿದ್ರೆ ನೊಂದ್ಕಂತೀರ ಅಂತ ಸುಮ್ನಿದ್ದೆ.”

ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಪಕ್ಕದಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು. ಭಾನುವಾರ ಕಲ್ಯಾಣದುರ್ಗಕ್ಕೆ ಹೋಗಿ ಅವಳ ಎದುರು ನಿಂತು ಹೇಳುತ್ತೇನೆ — ನಿನ್ನನ್ನು ಕಳಿಸಲು ಹುಡುಕಲಿಲ್ಲ ತಾಯಿ, ನಿನ್ನ ಮುಂದಿನ ದಿನಗಳನ್ನು ನೆನೆದು ಹುಡುಕಿದೆ. ಬೇಡವಾದರೆ ಬೇಡ, ಮನೆಗೆ ಬಾ.

ಮಾರ್ಚ್ 10, ಸೋಮವಾರ

ನಿನ್ನೆಯದು ಬರೆಯಬೇಕು. ಮರೆಯುವ ಮೊದಲು. ಮರೆಯುವುದು ಎಲ್ಲಿಂದ ಬಂತು.

ಹೆಂಡತಿ ಓಳಿಗೆ ಮಾಡಿ ಡಬ್ಬಿಗೆ ಹಾಕಿಕೊಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಬಸವೇಶನ ಮನೆ ಬಾಗಿಲಲ್ಲಿ ರಶ್ಮಿ ಒಂದು ಮೇಕೆಗೆ ಸೊಪ್ಪು ಹಾಕುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದುನಿಂತಳು. ಬಾಯಿಪಾಠವೆಲ್ಲ ಹಾರಿಹೋಯಿತು. “ತಪ್ಪಾಯ್ತು ಕಣಮ್ಮ” ಅಂದೆ.

“ಒಳಗ್ ಬನ್ನಿ ಮಾವ, ಮೊದ್ಲು ನೀರು ಕುಡೀರಿ.”

“ನಿನ್ನ ಕಳ್ಸಾಕಲ್ಲ ಕಣಮ್ಮ ನಾನು...”

“ಗೊತ್ತು.” ಚೊಂಬು ಕೈಗೆ ಕೊಟ್ಟು ಜಗಲಿಯಲ್ಲೇ ಎದುರಿಗೆ ಕೂತಳು. “ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ಮಂಡಿ ಮೇಲ್ ಐಡಿ ಕೊಟ್ಬುಟ್ರಲ್ಲ, ಆ ಮೇಲ್ ಯಾರ್ ಫೋನ್ನಾಗೆ ಬತ್ತದೆ ಹೇಳ್ರಿ?”

ಅವಳ ಫೋನಿನಲ್ಲಿ. ಬಿಲ್ಲು, ಬ್ಯಾಂಕು, ಜಿಎಸ್‌ಟಿ ಎಲ್ಲ ಅವಳ ಫೋನಿಗೇ ಬರುತ್ತದೆ. ಇದು ನನಗೆ ಹೊಳೆಯಲೇ ಇಲ್ಲ.

“ಕಪ್ಪು ವಿಂಡೋದಾಗೆ ಮಾಡಿದ್ದೆ ಕಣಮ್ಮ...”

ಅವಳಿಗೆ ನಗು ಬಂತು. ಹತ್ತು ದಿನದ ಮೇಲೆ ಅವಳ ನಗು ನೋಡಿದೆ. “ಮಾವ, ಆ ಕಪ್ಪು ವಿಂಡೋ ಮುಚ್ಚಿದ್ರೆ ಏನ್ ನೋಡಿದ್ರಿ ಅಂತ ಆ ಕಂಪ್ಯೂಟರ್ ಮರೀತದೆ. ಅಷ್ಟೇ ಅದ್ರ ಕೆಲ್ಸ. ಆಮೇಲೆ ಕೂತೋರ್ಗೆ ಕಾಣಾಕಿಲ್ಲ. ನೀವು ಇಳಿಸ್ಕಂಡಿದ್ ಫೋಟೋ ಎಲ್ಲೋಯ್ತದೆ? ಅಲ್ಲೇ ಇರ್ತದೆ, ನಮ್ ಬಿಲ್ಗಳ ಮಧ್ಯ ಮೀಸೆ ತಿರುವ್ಕಂಡು. ಪ್ರಿಂಟರ್ಗೆ ಕಳ್ಸಿದ್ದು ಪ್ರಿಂಟರ್ ಹತ್ರ ಇರ್ತದೆ. ಆ ಸೈಟ್ನೋರ್ಗೆ ನೀವೇ ಹೆಸ್ರು, ಊರು, ಮೇಲು ಎಲ್ಲ ಬರ್ಕೊಟ್ಟಿದ್ದೀರ, ಅವ್ರ್ಯಾಕ್ ಮರೀತಾರೆ? ನೆಟ್ ಕನೆಕ್ಷನ್ ಕೊಡೋರ್ಗೂ ಯಾವ ಸೈಟಿಗೆ ಹೋದ್ರಿ ಅಂತ ಗೊತ್ತಾಯ್ತದೆ. ಅದ್ನೆಲ್ಲ ಅಲ್ಲೇ ಕೆಳಗೆ ಬರ್ದಿರ್ತದೆ, ಯಾರೂ ಓದಲ್ಲ.”

ಅದೇ ಸಣ್ಣ ಅಕ್ಷರ. ನಾಚಿಕೆಯಾಯಿತು. ಆದರೆ ನನಗೆ ಬೇಕಾದದ್ದು ಅದಲ್ಲ. ಕೇಳಿಯೇಬಿಟ್ಟೆ. “ಮೊದ್ಲು ಗೊತ್ತಾದಾಗ ಏನನ್ನಿಸ್ತಮ್ಮ?”

ತಲೆ ತಗ್ಗಿಸಿ ಮೇಕೆಯ ಕಿವಿ ಸವರುತ್ತಾ ಹೇಳಿದಳು. “ಕಳ್ಸಾಕೆ ನೋಡ್ತವ್ರೆ ಅನ್ನಿಸ್ತು. ಸುಳ್ಳ್ ಯಾಕೆ ಹೇಳ್ಲಿ. ಸ್ನಾನದ್ ಮನೇಗ್ ಹೋಗಿ ಅತ್ಕಂಡೆ. ಆಮೇಲೆ ಮೇಲ್ನಾಗಿದ್ ಲಿಂಕ್ ಒತ್ತಿ ಒಳಗ್ಹೋಗಿ, ನೀವ್ ಬರೆದಿದ್ ಓದ್ದೆ. ಅವಳನ್ನು ಯಾರೂ ಗದರಿಸಬಾರದು ಅಂತ ಬರ್ದಿದ್ರಿ. ಸಾಗಹಾಕೋರು ಹಂಗ್ ಬರೀತಾರಾ ಮಾವ?”

ಅವಳೇ ಮುಂದುವರಿಸಿದಳು. ಆ ಮಧುಗಿರಿಯವರು, ಮೀಸೆಯವನು, ಅವರು ಯಾರೂ ನಮ್ಮನ್ನು ಬೇಡವೆಂದಿರಲಿಲ್ಲವಂತೆ. ಫೋನಿನಿಂದ ಇವಳೇ ಒಬ್ಬೊಬ್ಬರನ್ನೂ ಬೇಡವೆಂದು ಒತ್ತುತ್ತಾ ಬಂದಿದ್ದಾಳೆ!

“ಯಾಕಮ್ಮ?”

“ಮದ್ವೆ ಆದ್ಮೇಲೆ ಹಳೇ ಮನೆ ಕಡೆ ತಿರುಗಿ ನೋಡ್ಬಾರ್ದು ಅಂತ ಮೇಲ್ನಾಗೆ ಕೇಳಿದ್ರು. ಒಬ್ರಾದ್ಮೇಲೆ ಒಬ್ರು. ಒಬ್ರಂತೂ ಫೋನ್ ನಂಬರೂ ಬದಲಾಯಿಸ್ಬೇಕು ಅಂದ್ರು.” ಮೇಕೆಗೆ ಇನ್ನೊಂದು ಹಿಡಿ ಸೊಪ್ಪು ಹಾಕಿ, “ಸಿದ್ದಲಿಂಗೇಶ್ ಹಂಗ್ ಕೇಳ್ಲಿಲ್ಲ” ಅಂದಳು.

ಆಗ ಆ ಮೇಕೆಯ ವಿಷಯ ಬಂತು. ಅವಳು ತವರಿಗೆ ಬಂದದ್ದು ಮುನಿಸಿಕೊಂಡಲ್ಲ. ಅಣ್ಣನ ಮೇಕೆಯನ್ನು ಆಟೋದಲ್ಲಿ ಹಾಕಿಕೊಂಡು ಕುಂದುರ್ಪಿಯವರೆಗೆ ಹೋಗಿದ್ದಾಳೆ, ಆ ಮನುಷ್ಯ ಹೇಗಿದ್ದಾನೆಂದು ನೋಡಿಬರಲು.

“ಮೇಕೆಗೆ ಏನಾಗಿತ್ತು?”

“ಏನೂ ಆಗಿರ್ಲಿಲ್ಲ. ಮೇವು ತಿಂತಿಲ್ಲ ಅಂದೆ. ನಾನು ಹೇಳ್ತಿರೋವಾಗ್ಲೇ ಅದು ಅವ್ರ ಟೇಬಲ್ ಮೇಲಿದ್ದ ಕಾಗ್ದ ತಿಂತಿತ್ತು.”

ನಾನು ನಕ್ಕೆ. ಬಾಗಿಲ ಹಿಂದೆ ಬಸವೇಶನೂ ನಕ್ಕದ್ದು ಕೇಳಿಸಿತು.

“ಕಲ್ಯಾಣದುರ್ಗದಾಗೆ ಆಸ್ಪತ್ರೆ ಇಲ್ವೇನಮ್ಮ ಅಂದ್ರು. ಆಮೇಲೆ ಮುಖ ನೋಡಿದ್ರು. ಫೋಟೋದಾಗ್ ನೋಡಿರ್ತಾರಲ್ಲ, ಗುರುತು ಹಿಡಿದ್ರು. ಹಿಡಿದ್ರೂ ಹೇಳ್ಲಿಲ್ಲ. ಮೇಕೆ ಬೆನ್ನು ಸವರಿ, ಅದರ ಜೊತೆ ತೆಲುಗ್ನಾಗೆ ನಿಧಾನಕ್ಕೆ ಮಾತಾಡಿ, ಟಾನಿಕ್ ಕೊಟ್ರು. ನಾನು ಹೊರಡೋವಾಗ, ಬೆಳಗಿನ ಬಸ್ಸು ಪಾವಗಡದ ಮೇಲೆ ಹೋಯ್ತದಮ್ಮ, ಹಿಂದೂಪುರದ ಗಂಟ ಅದೇ ಬಸ್ಸು, ನಡುವೆ ಇಳಿಯಂಗಿಲ್ಲ, ನಾನೇ ಹೋದ್ ಭಾನುವಾರ ಹತ್ತಿ ನೋಡ್ಕಂಡ್ ಬಂದೆ ಅಂದ್ರು.”

ಇಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡಳು. ಹತ್ತಿ ನೋಡಿಕೊಂಡು ಬಂದನಂತೆ. ನಮ್ಮ ಊರಿನವರೆಗೂ ಬಂದು, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ವಾಪಸ್ ಹೋದನಂತೆ. ಎಂಥ ಹುಡುಗ.

“ಫೋನ್ನಾಗೆ ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮ? ನಾವಿಬ್ರೂ ಸತ್ತೋಗಿದ್ವಿ.”

“ಏನಂತ ಹೇಳ್ಲಿ ಮಾವ? ನಂಗೇ ಗೊತ್ತಾಗಿರ್ಲಿಲ್ಲ, ಏನ್ ಬೇಕು ಅಂತ.” ಆಮೇಲೆ ದನಿ ಸಣ್ಣದು ಮಾಡಿ ಹೇಳಿದಳು. “ಆ ಕಪ್ಪು ವಿಂಡೋ ನಾನೂ ತೆಗೀತಿದ್ದೆ. ನಿಮ್ಗಿಂತ ಮುಂಚೇನೇ. ನೀವು ಊಟಕ್ ಹೋದಾಗ.”

“ಏನ್ ಹುಡುಕ್ತಿದ್ದೆ?”

“ಎರಡ್ನೇ ಮದ್ವೆ ಆದೋರು ಮೊದಲ್ನೇ ಗಂಡನ ಅಪ್ಪ ಅಮ್ಮನ್ನ ನೋಡ್ಕಳಾಕೆ ಆಯ್ತದಾ ಅಂತ. ಆಸ್ತಿ, ಕೋರ್ಟು, ಪಾಲು ಅಂತೆಲ್ಲ ಬಂತು. ನಾನ್ ಕೇಳಿದ್ದು ಅದಲ್ಲ. ಮುಚ್ಬುಡ್ತಿದ್ದೆ. ಮಾರ್ನೇ ದಿನ ಮತ್ತೆ ಕೇಳ್ತಿದ್ದೆ.”

ನನ್ನ ಗುಟ್ಟು ಪ್ರಿಂಟರಿಗೆ, ಮೇಲಿಗೆ, ಅಶೋಕನಿಗೆ, ಕೊನೆಗೆ ಒಂದು ಮೇಕೆಗೂ ಗೊತ್ತಾಯಿತು. ಅವಳದು ಯಾರಿಗೂ ಗೊತ್ತಾಗಲಿಲ್ಲ. ಹೆಸರು ಕೊಡಲಿಲ್ಲ, ಏನೂ ಇಳಿಸಲಿಲ್ಲ. ಕೇಳಿದಳು, ಮುಚ್ಚಿದಳು. ಅದೇ ಕುರ್ಚಿಯಲ್ಲಿ ಆಮೇಲೆ ನಾನೇ ಬಂದು ಕೂರುತ್ತಿದ್ದೆ, ನನಗೆ ಏನೂ ಕಾಣಿಸಲಿಲ್ಲ. ಅಶೋಕ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಆದರೆ ಇದೊಂದು ನನಗೆ ಕಾಣಬೇಕಿತ್ತು. ಕಂಪ್ಯೂಟರಿನಲ್ಲಿ ಅಲ್ಲದಿದ್ದರೂ ಅವಳ ಮುಖದಲ್ಲಿ. ಬೀಗರ ಮನೆ ಅನ್ನುವುದನ್ನೂ ನೋಡದೆ ಕಣ್ಣೀರು ಹಾಕಿದೆ.

“ಅಳ್ಬ್ಯಾಡ್ರಿ ಮಾವ. ಬಿಪಿ ಏರ್ತದೆ.”

“ಏರ್ಲಿ ಬಿಡಮ್ಮ.”

ಸಂಜೆಯ ಬಸ್ಸಿಗೆ ಇಬ್ಬರೂ ಹೊರಟೆವು. ಕಿಟಕಿ ಪಕ್ಕ ಅವಳು. ಪಾವಗಡ ದಾಟಿದ ಮೇಲೆ ಹೇಳಿದಳು: “ಒಂದ್ಸಲ ಮಾತಾಡಿ ನೋಡಾಣ ಮಾವ. ಹೂಂ ಅಂತಿಲ್ಲ, ಮಾತಾಡಿ ನೋಡಾಣ ಅಂತಿದ್ದೀನಿ. ಇನ್ಮೇಲೆ ಮಾತ್ರ ಕಪ್ಪು ವಿಂಡೋ ಬ್ಯಾಡ. ಮೂರ್ ಜನಾನೂ ಕೂತ್ಕಂಡ್ ನೋಡಾಣ.”

ಮಾರ್ಚ್ 16, ಭಾನುವಾರ. ಹತ್ತೂವರೆ

ಈಗತಾನೇ ಆದದ್ದು. ಕೂಡಲೇ ಬರೆಯುತ್ತಿದ್ದೇನೆ.

ಹುಡುಗನ ಚಿಕ್ಕಪ್ಪ ಹತ್ತು ಗಂಟೆಗೆ ಫೋನ್ ಮಾಡುತ್ತಾರೆಂದು ಆ ಕಡೆಯವರು ಮೊದಲೇ ಹೇಳಿದ್ದರು. ಒಂಬತ್ತರಿಂದಲೇ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ. ವೀರಭದ್ರಮ್ಮ ಒದ್ದೆ ಕೈಯಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ರಶ್ಮಿ ನಡುಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತನಗೆ ಸಂಬಂಧವೇ ಇಲ್ಲದವಳಂತೆ. ಸುಲಿದದ್ದನ್ನೇ ಮತ್ತೆ ಸುಲಿಯುತ್ತಿದ್ದಳು.

ಫೋನು ಬಂತು. ಸ್ಪೀಕರ್ ಹಾಕಿದೆ.

“ನಮಸ್ಕಾರ. ನಾನು ತಿಪ್ಪೇರುದ್ರಪ್ಪ ಅಂತ, ಸಿದ್ದಲಿಂಗೇಶನ ಚಿಕ್ಕಪ್ಪ. ಅಮರೇಶಪ್ಪನೋರಾ?”

“ಹೂಂ ಸ್ವಾಮಿ, ನಾನೇ.”

“ಸಂತೋಷ. ನಮ್ ಹುಡುಗ ಎಲ್ಲ ಹೇಳವ್ನೆ. ಆದ್ರೆ ಒಂದ್ ಮಾತು ಕೇಳ್ತೀನಿ, ತಪ್ಪ್ ತಿಳ್ಕಾಬ್ಯಾಡ್ರಿ. ನಾಳೆ ಮುಂದ್ ನಿಂತು ಧಾರೆ ಎರೆಯೋರು ಯಾರು ಅಂತ ನಮ್ಗೂ ಗೊತ್ತಿರ್ಬೇಕಲ್ಲ. ತಾವು ಹುಡುಗಿಗೆ ಏನಾಗ್ಬೇಕು?”

ಸೀದಾ ಪ್ರಶ್ನೆ. ಗಂಡನ ಅಪ್ಪ ಅನ್ನಲೇ? ಯಾವ ಗಂಡನ ಅಪ್ಪ, ಇನ್ನೊಬ್ಬ ಗಂಡನಿಗೆ ಕೊಡುವಾಗ? ನನಗೆ ಧಾರೆ ಎರೆಯುವ ಹಕ್ಕೇ ಇಲ್ಲವೇನೋ ಅನ್ನಿಸಿತು. ಹೆಂಡತಿಯ ಕಡೆ ನೋಡಿದೆ, ಅವಳು ನನ್ನನ್ನೇ ನೋಡುತ್ತಿದ್ದಳು. ಆ ಕಡೆಯಿಂದ ಹಲೋ ಹಲೋ.

ರಶ್ಮಿ ತಲೆ ಎತ್ತಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದಳು:

“ಅಪ್ಪ ಅನ್ರಿ ಮಾವ.”

“ಅಪ್ಪ” ಅಂದೆ. ಅಷ್ಟೇ ಬಂದದ್ದು. ಆಗ ಅವಳು ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ತಿಪ್ಪೇರುದ್ರಪ್ಪನವರಿಗೆ ಹೇಳಿದಳು: “ಒಂದ್ನಿಮಿಷ ಇರ್ರಿ. ನಮ್ಮಪ್ಪನಿಗೆ ಸ್ವಲ್ಪ ಕೆಮ್ಮು.”

ಕೆಮ್ಮೇನೂ ಇರಲಿಲ್ಲ. ನಮ್ಮಪ್ಪ ಅಂದಳು. ನಾನು ಅನ್ನು ಅಂದಿರಲಿಲ್ಲ, ಯಾರೂ ಅಂದಿರಲಿಲ್ಲ, ಅವಳಾಗಿಯೇ ಅಂದಳು.